ಬಾಣಂತಿಯ ನಿದ್ದೆಯ ಲೆಕ್ಕ ಕುಬಸದ ದಿನವೇ ಹಾಕಿರಿ

ಕುಬಸದ, ಅಂದರೆ ಸೀಮಂತದ, ತಯಾರಿಯನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಸಿರು ಸೀರೆ, ಹಸಿರು ಬಳೆ, ಬೀಗರ ಊಟ ಎಲ್ಲವೂ ತಿಂಗಳ ಮೊದಲೇ ನಿಶ್ಚಯವಾಗಿರುತ್ತದೆ. ಹೆರಿಗೆಯ ನಂತರದ ಲೆಕ್ಕವೂ ಅಷ್ಟೇ ಪಕ್ಕಾ. ಅಂಟಿನುಂಡಿಗೆ ಎಷ್ಟು ಕಿಲೋ ಒಣಕೊಬ್ಬರಿ ಬೇಕು, ಉತ್ತತ್ತಿ ಯಾವ ಅಂಗಡಿಯದು, ಎಣ್ಣೆ-ನೀರು ಹಾಕಲು ಯಾರನ್ನು ಕರೆಯಬೇಕು ಎಂದು ಅವ್ವಂದಿರು ಬೆರಳು ಮಡಚಿ ಎಣಿಸುತ್ತಾರೆ. ನಡುರಾತ್ರಿ ಎರಡಕ್ಕೆ ಕೂಸು ಎದ್ದಾಗ ಬಾಣಂತಿಯ ಜೊತೆ ಇನ್ಯಾರು ಏಳಬೇಕು ಎಂಬುದು ಮಾತ್ರ ಯಾವ ಯಾದಿಯಲ್ಲೂ ಇರುವುದಿಲ್ಲ.

ಇದು ಸಣ್ಣ ಮಾತಲ್ಲ. ಹೆರಿಗೆಯಾಗಿ ಮಾಸು ಬಿದ್ದ ಕೂಡಲೇ ಒಂಬತ್ತು ತಿಂಗಳು ಏರುತ್ತಲೇ ಬಂದಿದ್ದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ದಡಕ್ಕನೆ ಇಳಿಯುತ್ತವೆ. ಮನಸ್ಸು ಅಲ್ಲಾಡುವುದಕ್ಕೆ ಅದೊಂದು ಕಾರಣ. ಮೇಲೆ ಹೊಲಿಗೆಯ ನೋವು, ರಕ್ತ ಹೋದ ನಿತ್ರಾಣ, ಹಾಲಿನ ಚಿಂತೆ. ಇವುಗಳಲ್ಲಿ ಹೆಚ್ಚಿನವು ಮನೆಯವರ ಕೈಯಲ್ಲಿಲ್ಲ. ನಿದ್ದೆ ಇದೆ. ನಿದ್ದೆಗೆಟ್ಟರೆ ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟರೆ ನಿದ್ದೆ ಬರುವುದಿಲ್ಲ. ಈ ಸುಳಿಯಲ್ಲಿ ಬೀಳುವ ಮೊದಲೇ ಏನು ಮಾಡಬಹುದು, ಬಿದ್ದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಎಲ್ಲಿಗೆ ಹೋಗಬೇಕು ಎಂಬುದನ್ನು ತಿಂಗಳ ಪ್ರಕಾರ ಬರೆದಿದ್ದೇನೆ.

ಮೊದಲ ಮೂರು ತಿಂಗಳು: ಬಂದ ನಿದ್ದೆ ಬಿಡಬೇಡಿ

ಈ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಏರುವುದರಿಂದ ಹಗಲಲ್ಲೂ ಕಣ್ಣು ಎಳೆಯುತ್ತದೆ. ಅದು ಸೋಮಾರಿತನವಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ನೌಕರಿಗೆ ಓಡಾಡುವವರು ಸೀಟು ಸಿಕ್ಕರೆ ಉಣಕಲ್ ಕೆರೆ ಬರುವವರೆಗೆ ಕಣ್ಣು ಮುಚ್ಚಿಕೊಳ್ಳಿ, ನಾಚಿಕೆ ಬೇಡ. ಮನೆಯಲ್ಲಿದ್ದವರು ಮಧ್ಯಾಹ್ನ ಅರ್ಧ ಮುಕ್ಕಾಲು ತಾಸು ಮಲಗಲಿ. ಸಂಜೆ ನಾಲ್ಕರ ಮೇಲೆ ಮಾತ್ರ ಬೇಡ, ರಾತ್ರಿಯ ನಿದ್ದೆ ಹಾಳಾಗುತ್ತದೆ.

ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ ಎಂದು ನೀರನ್ನೇ ಬಿಡುವವರಿದ್ದಾರೆ. ಅದು ತಪ್ಪು. ಹಗಲಲ್ಲಿ ಸಾಕಷ್ಟು ಕುಡಿದು, ಮಲಗುವ ಎರಡು ತಾಸಿನ ಮೊದಲಿಂದ ಕಡಿಮೆ ಮಾಡಿ. ಮೂತ್ರ ಉರಿಯುತ್ತಿದ್ದರೆ ಪರೀಕ್ಷೆ ಮಾಡಿಸಿ. ಶೌಚಾಲಯ ಹಿತ್ತಿಲಲ್ಲಿರುವ ಮನೆಯಾದರೆ ದಾರಿಗೊಂದು ಸಣ್ಣ ದೀಪ ಇರಲಿ, ಕತ್ತಲಲ್ಲಿ ಎಡವುವ ಭಯಕ್ಕೇ ನಿದ್ದೆ ಹಾರಿಹೋಗುತ್ತದೆ.

ಐದನೇ ತಿಂಗಳಿಂದ: ಎದೆಯುರಿ, ಕಾಲು, ಮಗ್ಗಲು

ಎದೆಯುರಿಗೆ ಮೊದಲ ಮದ್ದು ಊಟದ ಹೊತ್ತನ್ನು ಬದಲಿಸುವುದು. ನಮ್ಮಲ್ಲಿ ಗಂಡಸರು ಬಂದ ಮೇಲೆ, ಧಾರಾವಾಹಿ ಮುಗಿದ ಮೇಲೆ, ಹತ್ತಕ್ಕೆ ರೊಟ್ಟಿ ಮುರಿದು ಹತ್ತೂವರೆಗೆ ಅಡ್ಡಾಗುವ ರೂಢಿ. ಬಸುರಿ ಏಳೂವರೆ ಎಂಟಕ್ಕೆ ಉಂಡುಬಿಡಲಿ, ಯಾರಿಗೂ ಕಾಯುವುದು ಬೇಡ. ರಾತ್ರಿ ಎಣಗಾಯಿ, ಕೆಂಪುಖಾರ, ಮಿರ್ಚಿ ಭಜಿ ಬಿಟ್ಟು ಮೆತ್ತನೆಯದು ಸ್ವಲ್ಪ ಉಣ್ಣಲಿ. ಮಂಚದ ತಲೆದಿಸೆಯ ಎರಡು ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟರೆ ಹುಳಿ ಮೇಲಕ್ಕೆ ಬರುವುದು ತಗ್ಗುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ ಸೋಡಾಪುಡಿಯ ಪ್ಯಾಕೆಟ್ ಮೇಲೆ ಪ್ಯಾಕೆಟ್ ಒಡೆಯಬೇಡಿ, ಡಾಕ್ಟರ ಹತ್ತಿರ ಬಸುರಿಗೆ ನಡೆಯುವ ಔಷಧಿ ಇದೆ.

ಚಹಾದ ಮಾತು ಬೇರೆ ಆಡಲೇಬೇಕು, ಏಕೆಂದರೆ ನಮ್ಮ ಕಡೆ ಚಾ ಅಂದರೆ ಯಾರೂ ಒಲ್ಲೆ ಅನ್ನುವುದಿಲ್ಲ. ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ಮೀರಬಾರದು ಎನ್ನುವುದು ವೈದ್ಯರ ಸಾಮಾನ್ಯ ಸಲಹೆ. ಎರಡು ಕಪ್ಪಿಗೆ ನಿಲ್ಲಿಸಿದರೆ ಆ ಲೆಕ್ಕದ ಚಿಂತೆಯಿಲ್ಲ. ಸಂಜೆಯ ಚಹಾ ನಾಲ್ಕರೊಳಗೆ ಆಗಲಿ. ರಕ್ತದ ಗುಳಿಗೆಯ ಹಿಂದೆ ಮುಂದೆ ಒಂದೆರಡು ತಾಸು ಚಹಾ ಮುಟ್ಟಬೇಡಿ, ಗುಳಿಗೆಯ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನೂ ಒಟ್ಟಿಗೆ ನುಂಗಬೇಡಿ, ಒಂದು ಮುಂಜಾನೆಗೆ, ಇನ್ನೊಂದು ರಾತ್ರಿಗೆ ಇರಲಿ.

ಕಬ್ಬಿಣಕ್ಕೂ ನಿದ್ದೆಗೂ ನಂಟಿದೆ. ಮಲಗಿದ ಕೂಡಲೇ ಕಾಲಿನೊಳಗೆ ಜುಮುಜುಮು, ಹುಳ ಹರಿದಾಡಿದ ಹಾಗೆ, ಕಾಲು ಆಡಿಸದೆ ಇರಲಾಗದು, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಗುರ, ಮತ್ತೆ ಮಲಗಿದರೆ ಅದೇ ಕಥೆ. ಇದನ್ನು 'ಕಾಲು ಸೆಳೆತ' ಎಂದು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಬಹಳ ಸಲ ಇದರ ಹಿಂದೆ ಕಬ್ಬಿಣದ ಕೊರತೆ ಇರುತ್ತದೆ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಹಿಮೋಗ್ಲೋಬಿನ್ ಸರಿಯಿದ್ದರೂ ಕಾಲು ಬಿಡದಿದ್ದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಬಹುದೇ ಎಂದು ಕೇಳಿ. ಸರಕಾರಿ ಆಸ್ಪತ್ರೆಯಲ್ಲಿ ಬಸುರಲ್ಲಿ 180 ದಿನ, ಹೆರಿಗೆಯ ನಂತರ 180 ದಿನಕ್ಕೆ ರಕ್ತದ ಗುಳಿಗೆ ಕೊಡುತ್ತಾರೆ. ಡಬ್ಬಿಯಲ್ಲಿ ಇಟ್ಟು ಮರೆಯಲು ಅಲ್ಲ. ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡು ನೋಯುವುದು ಬೇರೆ ತರಹದ್ದು. ಅದಕ್ಕೆ ಮೊಣಕಾಲು ನೇರ ಮಾಡಿ ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಬಿಡುತ್ತದೆ.

ಏಳನೇ ತಿಂಗಳು, ಅಂದರೆ 28 ವಾರ ತುಂಬಿದ ಮೇಲೆ ಮಗ್ಗಲಾಗಿ ಮಲಗಬೇಕು. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಕೂಸಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ಎಡ ಮಗ್ಗಲೇ ಆಗಬೇಕೆಂದು ರಾತ್ರಿಯಿಡೀ ಒಂದೇ ಕಡೆ ಸೆಟೆದುಕೊಳ್ಳುವುದು ಬೇಡ, ಬಲವೂ ನಡೆಯುತ್ತದೆ. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿಯಾಗದೆ ಹೊರಳಿಕೊಳ್ಳಿ, ಅಷ್ಟೇ. ಇದಕ್ಕೆಂದು ಸಾವಿರಾರು ರೂಪಾಯಿಯ ದಿಂಬು ಮಾರುತ್ತಾರೆ. ಅಜ್ಜಿ ಹೊಲಿದ ಹಳೆಯ ಕೌದಿ ಅಟ್ಟದ ಮೇಲೆ ಇದ್ದರೆ ಇಳಿಸಿ. ಒಂದನ್ನು ಸುರುಳಿ ಸುತ್ತಿ ಮೊಣಕಾಲುಗಳ ನಡುವೆ ಇಡಿ, ಇನ್ನೊಂದನ್ನು ಬೆನ್ನಿಗೆ ಒತ್ತು ಕೊಡಿ. ಕೌದಿ ಜಾರುವುದಿಲ್ಲ, ಬೆವರೂ ಬರುವುದಿಲ್ಲ.

ಕೆಲವು ತೊಂದರೆಗಳನ್ನು ನಿದ್ದೆಯ ಲೆಕ್ಕಕ್ಕೆ ಸೇರಿಸಿ ಸುಮ್ಮನೆ ಕೂರಬಾರದು. ಗಟ್ಟಿಯಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿದಂತಾಗುವುದು ಬಿಪಿ, ಸಕ್ಕರೆಯ ತೊಂದರೆಯ ಜೊತೆಗೂ ಬರುತ್ತದೆ. ಮುಂದಿನ ತಪಾಸಣೆಯಲ್ಲಿ ಹೇಳಿ, ಗೊರಕೆಯ ಸುದ್ದಿಯನ್ನು ಗಂಡನೇ ಹೇಳಬೇಕಾದೀತು. ರಾತ್ರಿ ಅಂಗೈ, ಅಂಗಾಲು ಗುಳ್ಳೆಯಿಲ್ಲದೆ ವಿಪರೀತ ತುರಿಸಿದರೆ ಪಿತ್ತಜನಕಾಂಗದ ರಕ್ತಪರೀಕ್ಷೆ ಬೇಕು. ಕೂಸಿನ ಅಲುಗಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಒಂದೇ ಕಾಲು ಬಾತು ನೋಯುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಮೈ ಸರಿಯಿದ್ದೂ ಕಣ್ಣು ಮುಚ್ಚದ ರಾತ್ರಿಗಳಿರುತ್ತವೆ. ಹೆರಿಗೆಯ ಭಯ, ಹಿಂದೆ ಕಳೆದುಕೊಂಡ ಕೂಸಿನ ನೆನಪು, 'ಈ ಸಲನೂ ಹೆಣ್ಣಾದರ ಏನಂತಾರೋ' ಎಂಬ ಕುದಿ. ಕೊನೆಯದಂತೂ ಬಾಣಂತನದ ಖಿನ್ನತೆಗೆ ನಮ್ಮ ದೇಶದಲ್ಲಿ ಚೆನ್ನಾಗಿ ಗೊತ್ತಿರುವ ಕಾರಣ, ಆ ಮಾತು ಆಡುವವರ ಬಾಯಿ ಕಟ್ಟಬೇಕಾದವನು ಗಂಡ. ನಿದ್ದೆ ಬಾರದೆ ಅರ್ಧ ತಾಸಾದರೆ ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಭಾರವಾದ ಮೇಲೆ ಮಲಗಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಮುಂಜಾನೆ ಏಳುವ ಹೊತ್ತು ಒಂದೇ ಇರಲಿ. ಫೋನು ಬೇರೆ ಕೋಣೆಯಲ್ಲಿ ಚಾರ್ಜ್ ಆಗಲಿ. ಔಷಧಿ ಅಂಗಡಿಯಿಂದ ನಿದ್ದೆಗುಳಿಗೆ ತಂದು ನುಂಗುವುದು ಸುತರಾಂ ಬೇಡ, ನಾಟಿ ಪುಡಿಯೂ ಬೇಡ. ಬೇಸರ, ಅಳು, ನಿದ್ದೆಗೇಡು ಎರಡು ವಾರ ದಾಟಿದರೆ ಹೆರಿಗೆಯವರೆಗೆ ತಡೆಯುವುದು ಬೇಡ. ಬಾಣಂತನದ ಖಿನ್ನತೆ ಎಂದು ಕರೆಯುವುದು ಎಷ್ಟೋ ಜನರಲ್ಲಿ ಬಸುರಿನಲ್ಲೇ ಶುರುವಾಗಿರುತ್ತದೆ.

ಮುಚ್ಚಿಟ್ಟ ಮಾತು ಡಾಕ್ಟರಿಗೆ ಗೊತ್ತಿರಲಿ

ಹಿಂದೊಮ್ಮೆ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಂಡಿದ್ದರೆ, ಹಿಂದಿನ ಹೆರಿಗೆಯಲ್ಲಿ 'ಸನ್ನಿ' (ಬಾಣಂತನದಲ್ಲಿ ಬುದ್ಧಿ ಕದಡುವ ಕಾಯಿಲೆ) ಆಗಿದ್ದರೆ, ಅವ್ವನಿಗೋ ಅಕ್ಕನಿಗೋ ಆಗಿದ್ದರೆ ಹೆರಿಗೆ ಡಾಕ್ಟರಿಗೆ ತಿಳಿಸಲೇಬೇಕು. ಲಗ್ನದ ಹೊತ್ತಿಗೆ ಮುಚ್ಚಿಟ್ಟ ಸಂಗತಿಯನ್ನು ಅತ್ತೆಯ ಎದುರು ಹೇಳುವುದು ಹೇಗೆ ಎಂದು ತವರಿನವರು ಬಾಯಿ ಬಿಡುವುದಿಲ್ಲ. ಅತ್ತೆಯ ಎದುರು ಹೇಳಬೇಕೆಂದು ಯಾರೂ ಕೇಳಿಲ್ಲ. 'ಡಾಕ್ಟ್ರೇ, ಒಂದ್ ಮಾತು ಒಬ್ಬಾಕಿನ ಹೇಳೋದೈತ್ರಿ' ಎಂದರೆ ಸಾಕು. ಮುಖ್ಯವಾಗಿ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವು ದಿನ ವಿಪರೀತ ಏರಿ, ಕೆಲವು ದಿನ ಕುಸಿಯುವುದು) ಇದ್ದವರಿಗೆ ಹೆರಿಗೆಯ ನಂತರದ ನಿದ್ದೆಗೇಡು ಬಹಳ ಅಪಾಯದ್ದು, ಮನೋವೈದ್ಯರು ಮೊದಲೇ ತಯಾರಿ ಮಾಡಿಕೊಳ್ಳಬಲ್ಲರು.

ಈಗ ಔಷಧಿ ನಡೆಯುತ್ತಿದ್ದರೆ, ಮುಟ್ಟು ನಿಂತಿತೆಂದು ತಾವೇ ನಿಲ್ಲಿಸಬಾರದು. ಅದೇ ವಾರ ಡಾಕ್ಟರನ್ನು ಕಾಣಿ. ವಾಲ್ಪ್ರೋಏಟ್‌ನಂಥ ಒಂದೆರಡು ಔಷಧಿ ಕೂಸಿಗೆ ಕೇಡು, ಬದಲಿಸಬೇಕಾಗುತ್ತದೆ. ಉಳಿದ ಎಷ್ಟೋ ಔಷಧಿಗಳು ಮುಂದುವರಿಯುತ್ತವೆ. ಯಾವುದು ಯಾವುದು ಎಂದು ಹೇಳಬೇಕಾದವರು ಅವರು.

ಕುಬಸದ ದಿನದ ಯಾದಿ

ಎರಡೂ ಮನೆಯ ಹಿರಿಯರು ಒಂದೇ ಸೂರಿನಡಿ ಇರುವ ದಿನ ಇದು. ಆರತಿ ಮುಗಿದು ಊಟಕ್ಕೆ ಎಲೆ ಹಾಕುವ ಮೊದಲು ಅವ್ವ, ಅತ್ತೆ, ಗಂಡ, ತಂಗಿಯೋ ನಾದಿನಿಯೋ ಒಂದು ಕಡೆ ಕೂತು ಹಾಳೆಯ ಮೇಲೆ ಬರೆಯಿರಿ. ಬಾಯಿಮಾತು ಬೇಡ. 'ಎಲ್ಲಾರೂ ಇದೀವಲ್ಲ, ನೋಡ್ಕೋತೀವಿ' ಎಂದವರೇ ರಾತ್ರಿ ಎರಡಕ್ಕೆ ಮುಸುಕು ಎಳೆದುಕೊಳ್ಳುತ್ತಾರೆ.

ರಾತ್ರಿಯನ್ನು ಎರಡು ಪಾಳಿ ಮಾಡಿ. ಒಂಬತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಆರರವರೆಗೆ ಇನ್ನೊಬ್ಬರು. ಹಾಲು ಕುಡಿಸುವುದೊಂದೇ ಬಾಣಂತಿಯ ಕೆಲಸ. ಕೂಸನ್ನು ತಂದುಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗಿಸುವುದು, ಒದ್ದೆ ಬಟ್ಟೆ ಬದಲಿಸುವುದು, ತೊಟ್ಟಿಲು ತೂಗುವುದು ಪಾಳಿಯವರ ಕೆಲಸ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುತ್ತದೆ. ಕುಡಿಸುವುದಕ್ಕೆ ಅರ್ಧ ತಾಸು ಹಿಡಿದರೆ, ಆಮೇಲಿನ ಮಲಗಿಸುವ ಕಸರತ್ತಿಗೆ ಇನ್ನೊಂದು ತಾಸು ಹೋಗುತ್ತದೆ. ಆ ಒಂದು ತಾಸನ್ನು ಅವಳ ತಲೆಯಿಂದ ಇಳಿಸಿದರೆ, ರಾತ್ರಿ ಮೂರು ಸಲ ಕುಡಿಸುವವಳಿಗೆ ಮೂರು ತಾಸಿನ ನಿದ್ದೆ ಮರಳಿ ಸಿಗುತ್ತದೆ.

ಹಾಲು ಚೆನ್ನಾಗಿ ಇಳಿದು, ಕೂಸಿನ ತೂಕ ಏರತೊಡಗಿದ ಮೇಲೆ ಒಂದು ಸಲದ ಹಾಲನ್ನು ಮೊದಲೇ ಹಿಂಡಿಟ್ಟು ಪಾಳಿಯವರೇ ಒಳಲೆಯಲ್ಲಿ ಕುಡಿಸಬಹುದು. ಆಗ ಬಾಣಂತಿಗೆ ನಡುವೆ ತುಂಡಾಗದ ನಾಲ್ಕೈದು ತಾಸಿನ ನಿದ್ದೆ ಸಿಗುತ್ತದೆ, ಮನಸ್ಸಿಗೆ ಬೇಕಾದದ್ದು ಆ ಒಂದೇ ಗಟ್ಟಿ ತುಂಡು. ಒಳಲೆಯನ್ನು ಕುದಿಸಿ ಒಣಗಿಸಿರಬೇಕು. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ತಾಸು ಉಳಿಯುತ್ತದೆ, ಏಪ್ರಿಲ್-ಮೇ ಸೆಕೆಯಲ್ಲಿ ಫ್ರಿಜ್ ಬೇಕು.

ಚೊಚ್ಚಲ ಹೆರಿಗೆ ತವರಿನಲ್ಲಿ, ಗಂಡ ಹುಬ್ಬಳ್ಳಿಯಲ್ಲಿ ನೌಕರಿಗೆ, ಹೆಂಡತಿ ರಾಣೇಬೆನ್ನೂರಿನಲ್ಲೋ ರೋಣದಲ್ಲೋ. ಅವನ ಪಾಲು ಏನು? ಶನಿವಾರ ಸಂಜೆಯ ಬಸ್ಸು ಹಿಡಿದು ಹೋಗಿ ಶನಿವಾರ ರಾತ್ರಿಯ ಎರಡೂ ಪಾಳಿ ತನ್ನದು ಮಾಡಿಕೊಳ್ಳುವುದು. ವಾರವಿಡೀ ಎದ್ದ ಬಾಣಂತಿಯ ಅವ್ವನಿಗೂ ಒಂದು ರಾತ್ರಿ ನಿದ್ದೆ ಸಿಗುತ್ತದೆ. ಬಾಣಂತಿ ಕೋಣೆಗೆ ಅಳಿಯ ಕಾಲಿಡಬಾರದು ಎನ್ನುವ ಮನೆಗಳಲ್ಲಿ ಈ ಮಾತಿಗೆ ಹುಬ್ಬು ಏರುತ್ತವೆ. ಏರಲಿ. ಉಳಿದ ದಿನ ಫೋನಿನಲ್ಲಿ 'ಕೂಸು ಹೆಂಗೈತಿ' ಎನ್ನುವ ಮೊದಲು 'ನೀ ಎಷ್ಟ್ ತಾಸು ಮಲಗಿದಿ' ಎಂದು ಕೇಳಲಿ, ಉತ್ತರವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಲಿ. ಡಾಕ್ಟರಿಗೆ ತೋರಿಸುವ ಹೊತ್ತು ಬಂದರೆ ಆ ಅಂಕಿಗಳೇ ಅರ್ಧ ಕಥೆ ಹೇಳುತ್ತವೆ.

ಬಾಣಂತಿ ಕೋಣೆ

ನಮ್ಮ ಬಾಣಂತನವನ್ನು ಪೂರಾ ಮೂಢನಂಬಿಕೆ ಎಂದು ತಳ್ಳುವವರ ಪೈಕಿ ನಾನಲ್ಲ. ನಲವತ್ತು ದಿನ ಪೊರಕೆ ಮುಟ್ಟಿಸದೆ, ಬಿಸಿ ಬಿಸಿ ಉಣ್ಣಿಸಿ, ಮೈ ತಿಕ್ಕಿ ಎರೆದು ಮಲಗಿಸುವ ಪದ್ಧತಿ ಇರುವುದೇ ಅವಳ ವಿಶ್ರಾಂತಿಗೆ. ಎಣ್ಣೆ-ನೀರಿನ ಮೇಲೆ ಬರುವ ನಿದ್ದೆಯ ರುಚಿ ಉಂಡವರಿಗೇ ಗೊತ್ತು. ಜಳಕವಾದ ಮೇಲೆ ಎರಡು ತಾಸು ಕೂಸನ್ನು ಬೇರೆಯವರು ಹಿಡಿದರೆ ಆ ಪದ್ಧತಿ ಸಾರ್ಥಕ.

ಬಿಡಬೇಕಾದದ್ದೂ ಇದೆ. ಹೊರಸಿನ ಕೆಳಗೆ ಕೆಂಡ ಇಟ್ಟು ಕಿಟಕಿ ಬಾಗಿಲು ಜಡಿಯುವುದು ಪ್ರಾಣಕ್ಕೆ ಅಪಾಯ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಗಲೆಲ್ಲ ಕೋಣೆ ಕತ್ತಲಾಗಿದ್ದರೆ ತಾಯಿಗೂ ಕೂಸಿಗೂ ಹಗಲು-ರಾತ್ರಿಯ ಗೊತ್ತು ಹತ್ತುವುದಿಲ್ಲ. ಮುಂಜಾನೆ ಕಿಟಕಿ ತೆರೆದು ಬೆಳಕು ಬಿಡಿ, ರಾತ್ರಿ ಕುಡಿಸುವಾಗ ದೊಡ್ಡ ಲೈಟು ಹಾಕಬೇಡಿ. ಇನ್ನು ನೀರು. 'ಬಾಣಂತಿಗೆ ನೀರು ಕೊಟ್ರ ಹೊಟ್ಟಿ ಬರ್ತೈತಿ' ಎಂದು ಲೋಟ ಅಳೆದು ಕೊಡುವ ಮನೆಗಳು ಇಂದಿಗೂ ಇವೆ. ಹೆರಿಗೆಯಾದ ಮೇಲೆ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ನೀರು ಕಡಿಮೆಯಾದರೆ ಮಿದುಳಿನ ನಾಳದಲ್ಲೇ ಹೆಪ್ಪುಗಟ್ಟಿ ಫಿಟ್ಸ್ ಬರುವುದುಂಟು. ಬಾಯಾರಿದಷ್ಟೂ ಕುಡಿಯಲಿ, ಬಿಸಿನೀರೇ ಆಗಬೇಕೆಂದರೆ ಬಿಸಿನೀರೇ ಕುಡಿಯಲಿ.

ಎಲ್ಲಕ್ಕಿಂತ ಹೆಚ್ಚು ನಿದ್ದೆ ತಿನ್ನುವವರು ಮಾತಾಡಿಸಲು ಬರುವವರು. ಹಾವೇರಿ ಕಡೆಯ ಒಂದು ಮನೆ. ಮಧ್ಯಾಹ್ನ ಮೂರರ ಹೊತ್ತು, ಬಾಣಂತಿಗೆ ಆಗಷ್ಟೇ ಜೋಂಪು ಹತ್ತಿದೆ, ಕಿವಿಯಲ್ಲಿ ಹತ್ತಿ, ತಲೆಗೆ ಸ್ಕಾರ್ಫು. ಪಡಸಾಲೆಗೆ ನಾಲ್ವರು ಬಂದರು. 'ಎಬ್ಬಸ್ಬ್ಯಾಡ್ರಿ, ಸುಮ್ನ ಕೂಸಿನ ಮಾರಿ ನೋಡಿ ಹೊಕ್ಕೀವಿ' ಎನ್ನುತ್ತಲೇ ಒಳಗೆ ಬಂದು ತೊಟ್ಟಿಲ ಬಟ್ಟೆ ಸರಿಸಿದರು. ಕೂಸು ಎದ್ದಿತು, ತಾಯಿ ಎದ್ದಳು, 'ಹಾಲು ಸಾಲ್ತಾವಿಲ್ಲ ನಿನಗ?' ಎಂಬ ಪ್ರಶ್ನೆಯೂ ಬಂತು. ಅದೇ ಓಣಿಯ ಇನ್ನೊಂದು ಮನೆಯಲ್ಲಿ ಅಜ್ಜಿಯೊಬ್ಬಳು ಹೊಸ್ತಿಲಿಗೆ ಅಡ್ಡ ಕೂತು ಅಕ್ಕಿ ಆರಿಸುತ್ತಿರುತ್ತಿದ್ದಳು. ಯಾರೇ ಬರಲಿ, 'ಈಗರ ಮಲಗ್ಯಾಳ. ಐದಕ್ಕ ಬರ್ರಿ, ಚಾ ಮಾಡಿಡ್ತೀನಿ.' ಅಷ್ಟೇ. ನಿಮ್ಮ ಮನೆಯ ಯಾದಿಯಲ್ಲಿ ಆ ಹೊಸ್ತಿಲ ಕೆಲಸಕ್ಕೂ ಒಬ್ಬರ ಹೆಸರು ಇರಲಿ.

ಕೂಸನ್ನು ಅಂಗಾತ ಮಲಗಿಸಿ, ಮುಖದ ಹತ್ತಿರ ಕೌದಿ, ದಿಂಬು ಬೇಡ. ತಾಯಿ ತೂಕಡಿಸುತ್ತ ಕುಡಿಸುವಾಗ ಯಾರಾದರೂ ಎಚ್ಚರವಿರಬೇಕು. ಕುಡಿದವರು, ಸಿಗರೇಟು-ಬೀಡಿ ಸೇದುವವರು ಕೂಸಿನ ಹಾಸಿಗೆಯಲ್ಲಿ ಮಲಗಬಾರದು.

ಮೂರನೇ ದಿನದ ಅಳು

ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದೊಳಗೆ ಸುಮ್ಮಸುಮ್ಮನೆ ಕಣ್ಣೀರು ಬರುವುದು, ಒಂದು ಗಳಿಗೆ ನಗು, ಮರುಗಳಿಗೆ ಸಿಡುಕು. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಗುಳಿಗೆ ಬೇಡ. ನಿದ್ದೆ, ಊಟ, ಹತ್ತಿರ ಕೂರುವ ಒಬ್ಬರು ಸಾಕು, ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. 'ಅತ್ರ ಹಾಲು ಬತ್ತತಾವ' ಎಂದು ಹೆದರಿಸಬೇಡಿ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಕೂಸಿನ ತೂಕ, ಹೊಕ್ಕಳು ನೋಡುವುದು ಅವರ ಮುಖ್ಯ ಕೆಲಸ. ಬಂದಾಗ ಐದು ನಿಮಿಷ ಬಾಣಂತಿಯ ಜೊತೆ ಅವರೊಬ್ಬರನ್ನೇ ಬಿಟ್ಟು ಮನೆಯವರು ಹೊರಗೆ ಬನ್ನಿ. ಅವ್ವನ ಎದುರು ಹೇಳಲಾಗದ್ದು ಆಗ ಹೊರಬರುತ್ತದೆ.

ಎರಡು ವಾರದ ಮೇಲೆ

ಇಲ್ಲಿಂದ ಮುಂದೆ ಎರಡು ಪ್ರಶ್ನೆ ಕೇಳುತ್ತಿರಿ. ಒಂದು, ಕೂಸು ಮಲಗಿ, ಮನೆ ಸದ್ದಡಗಿ, ಮೈ ದಣಿದಿದ್ದಾಗಲೂ ನಿನಗೆ ನಿದ್ದೆ ಬರುತ್ತಿಲ್ಲವೇ? ಎರಡು, ಮೊದಲು ಇಷ್ಟವಾಗುತ್ತಿದ್ದದ್ದು ಈಗ ಯಾವುದೂ ಬೇಡ ಅನ್ನಿಸುತ್ತಿದೆಯೇ? ಕೂಸು ಎಬ್ಬಿಸಿ ನಿದ್ದೆ ಕೆಡುವುದು ಎಲ್ಲ ಬಾಣಂತಿಯರ ಪಾಡು. ಕೂಸು ಮಲಗಿದರೂ ಬಾರದ ನಿದ್ದೆ ಬೇರೆ, ಅದು ಕಾಯಿಲೆಯ ಸುಳಿವು.

ಖಿನ್ನತೆ ಅಂದರೆ ಸದಾ ಅಳು ಎಂದುಕೊಂಡರೆ ಎಷ್ಟೋ ಜನರನ್ನು ಗುರುತಿಸಲಾಗುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಅದನ್ನು ಬೇರೆ ಬಗೆಯಲ್ಲಿ ಹೇಳುತ್ತಾರೆ. 'ಎದಿ ಡವಡವ ಅಂತೈತಿ', 'ಮೈಯೆಲ್ಲ ಉರಿ', 'ತಲಿ ಓಡವಲ್ತು', 'ಯಾಕೋ ಜೀವ ಕಸಿವಿಸಿ'. ಸಣ್ಣ ಮಾತಿಗೆ ರೇಗುವುದು, ಕೂಸಿನ ಮೇಲೆ ಏನೂ ಅನ್ನಿಸದಿರುವುದು, ಉಸಿರಾಡುತ್ತಿದೆಯೇ ಎಂದು ರಾತ್ರಿಯಿಡೀ ಮೂಗಿಗೆ ಬೆರಳು ಹಿಡಿದು ನೋಡುವುದು, ತಾನು ಒಳ್ಳೆಯ ತಾಯಿಯಲ್ಲ ಎಂಬ ಕೊರಗು ಕೂಡ ಅದೇ. ಕೂಸು ಕೈಜಾರಿ ಬಿದ್ದೀತು, ಚಾಕು ತಾಗೀತು ಎಂಬ ಬೇಡದ ಚಿತ್ರಗಳು ಕಣ್ಣ ಮುಂದೆ ಬಂದು ತಾಯಿ ತಾನೇ ನಡುಗುವುದೂ ಉಂಟು. ಅಂಥ ಯೋಚನೆ ಬಂದಿತೆಂದು ಅವಳು ಕೆಟ್ಟವಳಲ್ಲ, ಬೇಡವೆಂದು ನಡುಗುವುದೇ ಅದಕ್ಕೆ ಸಾಕ್ಷಿ. ಆದರೆ ಹೇಳಿಕೊಳ್ಳಬೇಕು, ಚಿಕಿತ್ಸೆಯಿಂದ ಹೋಗುತ್ತದೆ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ ಭಾರತದಲ್ಲಿ ನೂರಕ್ಕೆ ಸುಮಾರು 22 ತಾಯಂದಿರಿಗೆ ಹೆರಿಗೆಯ ನಂತರದ ಖಿನ್ನತೆ ಇರುತ್ತದೆ. ಓಣಿಯಲ್ಲಿ ಐದು ತೊಟ್ಟಿಲಿದ್ದರೆ ಒಂದರ ಪಕ್ಕ ಇದು ಕೂತಿದೆ ಎಂದಾಯಿತು. ಆಸ್ಪತ್ರೆಯಲ್ಲಿ ಇದನ್ನು ಅಳೆಯಲು ಎಡಿನ್‌ಬರೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಹಾಳೆ ಬಳಸುತ್ತಾರೆ, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿದ್ದಿರಿ ಎಂದು ಕೇಳುತ್ತದೆ. 30ಕ್ಕೆ 13 ಅಥವಾ ಹೆಚ್ಚು ಬಂದರೆ ಸಾಮಾನ್ಯವಾಗಿ ಮನೋವೈದ್ಯರನ್ನು ಕಾಣಲು ಹೇಳುತ್ತಾರೆ. ಕೊನೆಯ ಪ್ರಶ್ನೆ ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಹೌದು ಎಂಬರ್ಥದ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಡಾಕ್ಟರು. ಆ ಮಾತನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹೆದರಬೇಡಿ, ಕೇಳಿದರೆ ಅವಳ ಭಾರ ಇಳಿಯುತ್ತದೆ.

ಜೊತೆಗೇ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಇದೇ ಸುಸ್ತು, ಇದೇ ಬೇಸರ.

ಆ ದಿನವೇ ಆಸ್ಪತ್ರೆಗೆ

ಬಾಣಂತಿ ಸನ್ನಿ ಎಂದು ಹಿರಿಯರು ಹೇಳುವುದು ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಎರಡು ರಾತ್ರಿ ನಿದ್ದೆಯೇ ಇಲ್ಲ, ಆದರೂ ದಣಿವಿಲ್ಲ. ಮಾತು ವಿಪರೀತ, ಇಲ್ಲವೇ ಪೂರಾ ಮೌನ. ಯಾರೂ ಇಲ್ಲದ ಕಡೆ ದನಿ ಕೇಳುತ್ತದೆ. 'ಈ ಕೂಸು ನಂದಲ್ಲ, ಬದಲಿ ಮಾಡ್ಯಾರ' ಎನ್ನುತ್ತಾಳೆ, ಮನೆಯವರೇ ವಿಷ ಹಾಕುತ್ತಾರೆ ಎನ್ನುತ್ತಾಳೆ. ತಾಸಿಗೊಂದು ಬಗೆ ಇರುವುದರಿಂದ ನಡುವೆ ಸರಿಯಿದ್ದಂತೆಯೂ ಕಾಣಬಹುದು. ಅದನ್ನು ನಂಬಿ ನಾಳೆಗೆ ಹಾಕಬೇಡಿ. ತಾಯಿಯನ್ನೂ ಕೂಸನ್ನೂ ಒಂದು ಗಳಿಗೆಯೂ ಇಬ್ಬರನ್ನೇ ಬಿಡಬೇಡಿ, ಕೋಣೆಯಲ್ಲಿ ಕೂಡಿ ಹಾಕಲೂಬೇಡಿ, 108 ಕರೆಯಿರಿ.

ಗಾಳಿ ಸೋಕಿದೆ, ಹೇಳಿಕೆ ಕೇಳಬೇಕು ಎನ್ನುವ ಹಿರಿಯರೊಂದಿಗೆ ಆ ಹೊತ್ತಿನಲ್ಲಿ ವಾದ ಮಾಡಿ ಗೆಲ್ಲಲಾಗದು. ಒಬ್ಬರು ಕಾಯಿ ತೆಗೆದುಕೊಂಡು ದೇವಸ್ಥಾನಕ್ಕೆ ಹೋಗಲಿ, ಬಾಣಂತಿಯನ್ನು ಇಬ್ಬರು ಆಸ್ಪತ್ರೆಗೆ ಕರೆದೊಯ್ಯಲಿ. ಎರಡೂ ಒಂದೇ ದಿನ ನಡೆಯಲಿ. ಜ್ವರ, ಫಿಟ್ಸ್, ಜೋರು ತಲೆನೋವಿನ ಜೊತೆಗೆ ತೊದಲಾಟ ಇದ್ದರೆ ಸೋಂಕೋ ಮಿದುಳಿನ ಹೆಪ್ಪೋ ಇರಬಹುದು, ಎಲ್ಲ ವಿಭಾಗ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಚಿಕಿತ್ಸೆ ಬೇಗ ಸಿಕ್ಕರೆ ಈ ಕಾಯಿಲೆಯಿಂದ ಹೆಚ್ಚಿನವರು ಪೂರ್ತಿ ಹುಷಾರಾಗುತ್ತಾರೆ.

ಎಲ್ಲಿಗೆ ಹೋಗುವುದು

ಮನೆಯಿಂದ ಏಳಲೂ ಆಗದ ಹೊತ್ತಿಗೆ ಮೊದಲ ಮೆಟ್ಟಿಲು 14416. ಟೆಲಿ ಮನಸ್ ಎಂಬ ಸರಕಾರಿ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಬಾಣಂತಿಯೇ ಮಾಡಬೇಕೆಂದಿಲ್ಲ, ಗಂಡನೋ ಅವ್ವನೋ ಮಾಡಿ ಏನು ಮಾಡಬೇಕೆಂದು ಕೇಳಬಹುದು.

ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆಸ್ಪತ್ರೆ ಇದೆ. 'ನಿನ್ನ ಧಾರವಾಡಕ್ಕ ಕಳಸಬೇಕು' ಎಂಬ ಹಳೆಯ ಚೇಷ್ಟೆಯಿಂದಾಗಿ ಅದರ ಗೇಟು ದಾಟಲು ನಮ್ಮವರಿಗೆ ಇಂದಿಗೂ ಅಳುಕು. ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಹೆಚ್ಚಿನವರು ತೋರಿಸಿಕೊಂಡು ಔಷಧಿ ತೆಗೆದುಕೊಂಡು ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾರೆ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದ ಜಿಮ್ಸ್ ಎಂಬ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಹೆರಿಗೆ ಆದದ್ದು ಅಲ್ಲೇ ಆದರೆ ತಾಯಿ ಕಾರ್ಡ್ ಹಿಡಿದುಕೊಂಡು ಒಂದು ಓಣಿ ದಾಟಿದ ಹಾಗೆ ಆ ವಿಭಾಗಕ್ಕೆ ಹೋಗಬಹುದು, ಯಾರಿಗೂ ವಿವರಣೆ ಕೊಡಬೇಕಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಹತ್ತಿರ ಕೇಳಿಟ್ಟುಕೊಳ್ಳಿ.

ಕೂಸನ್ನು ಬಿಟ್ಟು ದಾಖಲಾಗಬೇಕೇ ಎಂಬುದು ತಾಯಂದಿರ ದೊಡ್ಡ ಭಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮೂರು ವರ್ಷದೊಳಗಿನ ಕೂಸನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಕೂಸಿಗೆ ಅಪಾಯವಿದ್ದರೆ ಮಾತ್ರ ಅಷ್ಟು ದಿನದ ಮಟ್ಟಿಗೆ ಬೇರೆ ಇಡಬಹುದು. ಕಾಯಿಲೆ ಜೋರಾಗಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಕೂಸು ಒಟ್ಟಿಗೆ ಇರುವ ಪ್ರತ್ಯೇಕ ವಾರ್ಡೇ ಇದೆ.

ಗುಳಿಗೆ ಮತ್ತು ಎದೆಹಾಲು

ಖಿನ್ನತೆ ಹಗುರವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಗುಳಿಗೆ ಬೇಕಾದರೂ ಹಾಲು ಬಿಡಿಸಬೇಕಾದ ಸಂದರ್ಭ ಕಡಿಮೆ. ಸರ್ಟ್ರಲೀನ್‌ನಂಥ ಔಷಧಿ ಹಾಲಿಗೆ ಬಹಳ ಕಡಿಮೆ ಇಳಿಯುತ್ತದೆ, ಕೂಸಿಗೆ ಹಾಲುಣಿಸುವವರಿಗೆ ವೈದ್ಯರು ಅದನ್ನು ಕೊಡುವುದುಂಟು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನಕ್ಕೆ 'ಏನೂ ಆಗವಲ್ತು' ಎಂದು ಬಿಡುವುದು, ತಿಂಗಳಿಗೆ 'ಆರಾಮಾತು' ಎಂದು ಬಿಡುವುದು, ಎರಡೂ ಕೇಡು. ಆರಾಮಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳು ಮುಂದುವರಿಸುತ್ತಾರೆ. ಮಂಪರು ತರುವ ಗುಳಿಗೆಯಾದರೆ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು, ರಾತ್ರಿಯ ಪಾಳಿಯವರು ಇದನ್ನು ಗಟ್ಟಿಯಾಗಿ ನೆನಪಿಡಲಿ.

ಗಂಡನ ಮನೆಗೆ ಹೋದ ಮೇಲೆ

ಖಿನ್ನತೆ ಹೆರಿಗೆಯಾದ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ತಲೆ ಎತ್ತಬಹುದು. ನನ್ನ ಮಟ್ಟಿಗೆ ಅತ್ಯಂತ ಕಾಳಜಿ ಬೇಕಾದ ಹೊತ್ತು ಮೂರನೇ ಅಥವಾ ಐದನೇ ತಿಂಗಳಲ್ಲಿ ತೊಟ್ಟಿಲು ಹೊತ್ತು ಗಂಡನ ಮನೆಗೆ ಹೋಗುವ ವಾರ. ತವರಿನಲ್ಲಿ ರಾತ್ರಿ ಜೊತೆಗೆ ಏಳಲು ಅವ್ವ ಇದ್ದಳು. ಇಲ್ಲಿ ಮುಂಜಾನೆ ಐದಕ್ಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಬೇಕು, ಬುತ್ತಿ ಕಟ್ಟಬೇಕು, ಕೂಸು ಅತ್ತರೆ ಅವಳದೇ ಕೂಸು. ಬಾಣಂತನ ಮುಗಿಯಿತು ಎಂದು ಎಲ್ಲರೂ ತಿಳಿದಿರುತ್ತಾರೆ.

ಆದ್ದರಿಂದ ಕಳಿಸಿಕೊಡುವ ಮೊದಲು ಆ ಹಾಳೆಯನ್ನು ಹೊಸದಾಗಿ ಬರೆಯಿರಿ. ಈಗ ಗಂಡ ಮನೆಯಲ್ಲೇ ಇರುತ್ತಾನೆ, ರಾತ್ರಿಯ ಮೊದಲ ಪಾಳಿ ಅವನದು. ರಾತ್ರಿ ಮೂರು ಸಲ ಎದ್ದವಳು ಮುಂಜಾನೆ ರೊಟ್ಟಿಗೆ ಏಳುವುದಿಲ್ಲ, ಒಂದು ತಿಂಗಳು ಖಾನಾವಳಿಯಿಂದ ರೊಟ್ಟಿ ತಂದರೆ ಮನೆಯ ಮರ್ಯಾದೆ ಹೋಗುವುದಿಲ್ಲ. ಹೊಡೆತ, ಬೈಗುಳ ಇರುವ ಮನೆಯಾದರೆ ನಿದ್ದೆಯ ಮಾತು ಆಮೇಲಿನದು, ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ತವರಿನ ಆಶಾ ಇಲ್ಲಿಗೆ ಬರುವುದಿಲ್ಲ. ಹೊಸ ಊರಿನ ಅಂಗನವಾಡಿಯಲ್ಲಿ ಹೆಸರು ಬರೆಸಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಆಮೇಲೆ ಒಂಬತ್ತು ತಿಂಗಳಿಗೆ ಕೂಸಿಗೆ ಚುಚ್ಚುಮದ್ದು ಇದ್ದೇ ಇರುತ್ತದೆ. ಆ ನಾಲ್ಕೂ ದಿನ ಕೂಸಿನ ಕೆಲಸ ಮುಗಿದ ಮೇಲೆ ಗಂಡ ಅವಳಿಗೆ ಮೇಲಿನ ಎರಡೂ ಪ್ರಶ್ನೆಗಳನ್ನು (ಕೂಸು ಮಲಗಿದರೂ ನಿದ್ದೆ ಬರುತ್ತಿಲ್ಲವೇ, ಯಾವುದೂ ಬೇಡ ಅನ್ನಿಸುತ್ತಿದೆಯೇ) ಕೇಳಲಿ, ಸಿಸ್ಟರ್ ಎದುರಿಗೇ ಕೇಳಿದರೂ ಸರಿ. 'ಹೌದು' ಎಂದರೆ ಚೀಟಿ ಬರೆಸಿಕೊಂಡು ಮುಂದಿನ ಮಂಗಳವಾರ ತಾಲೂಕು ಆಸ್ಪತ್ರೆಗೆ. ಅಷ್ಟು ದಿನ ತಡೆಯಲಾಗದು ಅನ್ನಿಸಿದರೆ ಅಂದಿನ ರಾತ್ರಿಯೇ 14416.